ನಿಂತು ಹಾಡು ಕಟ್ಟುವ ಪೆಟ್ಟಿಗೆ: ಹನುಮಂತನಗರದ ಒಂದು ಪ್ರಕರಣ

ಎರಡು ವರ್ಷದ ಹಿಂದಿನವರೆಗೂ ನನ್ನ ಸಂಗೀತದ ಕೆಲಸವೆಲ್ಲ ನೆಲದ ಮೇಲೆ ಕೂತೇ ನಡೆಯುತ್ತಿತ್ತು. ನಾಟಕಗಳಿಗೆ ಹಾಡು ಕಟ್ಟುವುದು, ಹಿನ್ನೆಲೆ ಸಂಗೀತ ಮಾಡುವುದು ನನ್ನ ಕೆಲಸ. ಹೆಚ್ಚಿನವು ಮಕ್ಕಳ ನಾಟಕ. ಬೆಂಗಳೂರಿನ ಹನುಮಂತನಗರದ ನಮ್ಮ ಬಾಡಿಗೆ ಮನೆಯಲ್ಲಿ ಒಂದು ಹಾಲು, ಒಂದು ರೂಮು. ರೂಮಿನಲ್ಲಿ ಮಧ್ಯಾಹ್ನ ಅತ್ತೆ ಮಲಗುತ್ತಾರೆ. ಹಾಲಿನಲ್ಲಿ ಸಂಜೆ ಮಗಳು ಓದಲು ಕೂರುತ್ತಾಳೆ. ಹಾಗಾಗಿ ಸಿಕ್ಕ ಮೂಲೆಯಲ್ಲಿ ಚಾಪೆ ಹಾಸಿ, ಊಟದ ಮಣೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು, ನುಡಿಸುವ ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ಕೆಲಸ ಮಾಡುವುದು ರೂಢಿಯಾಗಿತ್ತು. ಹಾರ್ಮೋನಿಯಂ ಕಲಿತವಳಿಗೆ ನೆಲ ಹೊಸದಲ್ಲ. ಆದರೆ ಹಾರ್ಮೋನಿಯಂ ಮುಂದೆ ಒಂದು ಗಂಟೆ ಕೂತರೆ ಎದ್ದುಬಿಡುತ್ತೇವೆ. ಲ್ಯಾಪ್‌ಟಾಪ್ ಮುಂದೆ ಐದು ಗಂಟೆ ಹೋಗಿದ್ದೇ ಗೊತ್ತಾಗುವುದಿಲ್ಲ.

ಒಂದು ಬೇಸಿಗೆ ಶಿಬಿರ ಮುಗಿಯುವ ಹೊತ್ತಿಗೆ ಸೊಂಟ ಹಿಡಿದುಕೊಂಡಿತು. ಎಡಗಾಲು ಆಗಾಗ ಜೋಮು ಹಿಡಿಯುತ್ತಿತ್ತು. ಫಿಸಿಯೋಥೆರಪಿಗೆ ಹೋದೆ. ಅಲ್ಲಿನವರು ಹೇಳಿದ್ದು ಬಹಳ ಸರಳ: ಒಂದೇ ಭಂಗಿಯಲ್ಲಿ ಇರಬೇಡಿ, ಅರ್ಧ ಗಂಟೆಗೊಮ್ಮೆ ಬದಲಾಯಿಸಿ, ಸಾಧ್ಯವಾದರೆ ನಿಂತು ಕೆಲಸ ಮಾಡಿ. ನನಗೆ ಇನ್ನೊಂದು ಕಾರಣವೂ ಇತ್ತು. ಮಕ್ಕಳಿಗೆ ಕಲಿಸಲು ಹಾಡನ್ನು ಮೊದಲು ನಾನೇ ಹಾಡಿ ರೆಕಾರ್ಡ್ ಮಾಡುತ್ತೇನೆ. ಮುಂದಕ್ಕೆ ಬಾಗಿ ಕೂತು ಹಾಡಿದಾಗ ಹೊಟ್ಟೆ ಮಡಚಿಕೊಂಡಿರುತ್ತದೆ, ಸಾಲಿನ ಕೊನೆಗೆ ಉಸಿರು ಸಾಲುವುದಿಲ್ಲ. ನಿಂತು ಹಾಡಿದರೆ ಅದೇ ಸಾಲು ಆರಾಮವಾಗಿ ಮುಗಿಯುತ್ತದೆ.

ಮನೆಯಲ್ಲಿ ಮಾತ್ರ ನಿಲ್ಲುವುದಾದರೆ ಗೋಡೆಗೆ ಒಂದು ಹಲಗೆ ಹೊಡೆಸಿದ್ದರೆ ಸಾಕಿತ್ತು. ಆದರೆ ವಾರಕ್ಕೆ ಎರಡು ಮೂರು ಸಲ ರಿಹರ್ಸಲ್. ಕೆಲವೊಮ್ಮೆ ಪಕ್ಕದಲ್ಲೇ ಇರುವ ಕೆ.ಎಚ್. ಕಲಾಸೌಧ ರಂಗಮಂದಿರದಲ್ಲಿ, ಕೆಲವೊಮ್ಮೆ ಮಲ್ಲೇಶ್ವರದ ಒಂದು ಶಾಲೆಯ ಹಾಲಿನಲ್ಲಿ. ಹೋದ ಕಡೆಯೆಲ್ಲ ಇದೇ ಸಾಮಾನು ಬೇಕು: ಲ್ಯಾಪ್‌ಟಾಪ್, ಕೀಬೋರ್ಡ್, ಮೈಕನ್ನು ಲ್ಯಾಪ್‌ಟಾಪಿಗೆ ಸೇರಿಸುವ ಆಡಿಯೋ ಇಂಟರ್‌ಫೇಸ್, ಹಲವು ವೈರುಗಳನ್ನು ಒಂದಾಗಿಸುವ ಯುಎಸ್‌ಬಿ ಹಬ್, ಹೆಡ್‌ಫೋನ್, ಕಾಲಿನ ಪೆಡಲ್. ನಿಂತು ನುಡಿಸುವ ಮೇಜು ಬೇಕು, ಅದು ನನ್ನ ಜೊತೆ ಬರಬೇಕು. ಇಷ್ಟೇ ಸಮಸ್ಯೆ. ಇದಕ್ಕೆ ಉತ್ತರ ಸಿಗಲು ಏಳು ತಿಂಗಳು ಹಿಡಿಯಿತು. ಅದನ್ನು ಪೂರ್ತಿ ಬರೆದಿಡುತ್ತಿದ್ದೇನೆ, ಏಕೆಂದರೆ ಇದೇ ಪಾಡು ಪಡುತ್ತಿರುವ ಎಷ್ಟೋ ಜನ ನನಗೆ ಗೊತ್ತು.

ಕತ್ತರಿ ಸ್ಟ್ಯಾಂಡ್ ಬಿದ್ದ ದಿನ

ಎಲ್ಲರೂ ಮೊದಲು ಮಾಡುವುದನ್ನೇ ನಾನೂ ಮಾಡಿದೆ. ಎರಡು ಕಬ್ಬಿಣದ ಕೋಲು ಕತ್ತರಿಯಂತೆ ಒಂದಕ್ಕೊಂದು ಅಡ್ಡ ಬರುವ ಕೀಬೋರ್ಡ್ ಸ್ಟ್ಯಾಂಡ್ ಕೊಂಡೆ. ಮಡಚಿದರೆ ಕೋಲಿನ ಹಾಗೆ ಆಗುತ್ತದೆ, ಹೆಗಲಿಗೆ ಹಾಕಿಕೊಂಡು ಹೋಗಬಹುದು. ನಿಂತು ನುಡಿಸುವುದು ಅಂದರೆ ಎತ್ತರವೇ ತಾನೆ ಎಂದುಕೊಂಡು 98 ಸೆಂಟಿಮೀಟರಿಗೆ ಏರಿಸಿದೆ.

ಈ ಸ್ಟ್ಯಾಂಡಿನ ಗುಟ್ಟು ನನಗೆ ಆಗ ತಿಳಿದಿರಲಿಲ್ಲ. ಏರಿಸಿದಷ್ಟೂ ಅದರ ಕಾಲುಗಳು ಹತ್ತಿರ ಬರುತ್ತವೆ. ನನ್ನ ಸ್ಟ್ಯಾಂಡಿನ ಒಂದೊಂದು ಕೋಲೂ 105 ಸೆಂಟಿಮೀಟರ್ ಉದ್ದ. ಕೂತು ನುಡಿಸುವ 70 ಸೆಂಟಿಮೀಟರ್ ಎತ್ತರದಲ್ಲಿ ಕಾಲುಗಳ ನಡುವೆ 78 ಸೆಂಟಿಮೀಟರ್ ಅಗಲ ಇರುತ್ತದೆ. 98ಕ್ಕೆ ಏರಿಸಿದರೆ ಉಳಿಯುವುದು 38 ಮಾತ್ರ. ಶಾಲೆಯಲ್ಲಿ ಕಲಿತ ಪೈಥಾಗೊರಸನ ಲೆಕ್ಕ ಹಾಕಿದರೆ ಯಾರಿಗಾದರೂ ಇದು ಸಿಗುತ್ತದೆ. ಮೇಲೆ ಕೀಬೋರ್ಡ್ ಕೂರುವ ಜಾಗವೂ ಅಷ್ಟೇ ಕಿರಿದಾಗುತ್ತದೆ. ಆಗ ನನ್ನ ಹತ್ತಿರ ಇದ್ದುದು 49 ಕೀಗಳ, 82 ಸೆಂಟಿಮೀಟರ್ ಅಗಲದ ಕೀಬೋರ್ಡ್. ಅಂದರೆ ಎರಡೂ ಪಕ್ಕ 22 ಸೆಂಟಿಮೀಟರ್ ಗಾಳಿಯಲ್ಲಿ.

ಮಲ್ಲೇಶ್ವರದ ರಿಹರ್ಸಲ್‌ನಲ್ಲಿ ಮಂಗಗಳ ಕುಣಿತದ ಹಾಡು ನಡೆಯುತ್ತಿತ್ತು. ಓಟದ ಲಯ. ಎಡಗೈ ಮಂದ್ರಕ್ಕೆ ಇಳಿದು ಜೋರಾಗಿ ಒತ್ತಿದಾಗ ಇಡೀ ಕೀಬೋರ್ಡ್ ಎಡಕ್ಕೆ ವಾಲಿತು. ನಾನು ಕೀಬೋರ್ಡ್ ಹಿಡಿದುಕೊಂಡೆ. ಇಂಟರ್‌ಫೇಸ್ ಮಾತ್ರ ತನ್ನ ವೈರಿನಲ್ಲೇ ಒಂದು ಕ್ಷಣ ನೇತಾಡಿ ನೆಲಕ್ಕೆ ಬಿತ್ತು. ಅದರ ಯುಎಸ್‌ಬಿ ತೂತು ಸೊಟ್ಟಗಾಯಿತು. ಎಸ್.ಪಿ. ರಸ್ತೆಯಲ್ಲಿ ಕೊಟ್ಟು ಬೆಸುಗೆ ಹಾಕಿಸಿ ಸರಿಮಾಡಿಸಿದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಒಂದು ಮಗು ಅಂದು ಬಹಳ ಹೆದರಿತ್ತು. ಅದರ ಕಾಲಿನ ಮೇಲೆ ಬಿದ್ದಿದ್ದರೆ ಎಂಬ ಯೋಚನೆ ನನ್ನನ್ನು ಎರಡು ರಾತ್ರಿ ಬಿಡಲಿಲ್ಲ. ಸ್ಟ್ಯಾಂಡ್ ಅಂದರೆ ಸುಮ್ನೆ ಸಾಮಾನು ಹೊರುವುದಲ್ಲ, ಅದರ ಸುತ್ತ ಓಡಾಡುವವರನ್ನೂ ಕಾಯಬೇಕು.

ಅಡುಗೆಮನೆ ಕಟ್ಟೆಯ ಮೇಲೆ ಅಳತೆ

ಎರಡನೇ ಸಲ ಏನನ್ನೂ ಕೊಳ್ಳಲಿಲ್ಲ. ಮೊದಲು ಎತ್ತರ ಎಷ್ಟು ಬೇಕು ಅಂತ ತಿಳಿಯಲು ಅಡುಗೆಮನೆಗೆ ಹೋದೆ. ನಮ್ಮ ಕಟ್ಟೆ 84 ಸೆಂಟಿಮೀಟರ್ ಇದೆ. ಅದರ ಮೇಲೆ ಕೀಬೋರ್ಡ್ ಇಟ್ಟರೆ ಕೀಗಳ ಮೇಲ್ಮೈ 90ಕ್ಕೆ ಬರುತ್ತದೆ. ಹತ್ತು ನಿಮಿಷಕ್ಕೇ ಹೆಗಲು ಮುಂದಕ್ಕೆ ಬಾಗಿತು. ಕೆಳಗೆ ಚಪಾತಿ ಮಣೆ ಇಟ್ಟೆ. ಪರವಾಗಿಲ್ಲ ಅನ್ನಿಸಿತು. ಮಣೆಯ ಮೇಲೆ ಹಳೇ ಪಂಚಾಂಗಗಳನ್ನು ಒಂದೊಂದಾಗಿ ಸೇರಿಸುತ್ತಾ ಹೋದೆ. ಕೀಗಳ ಮೇಲ್ಮೈ 97ಕ್ಕೆ ಬಂದಾಗ ಹೆಗಲು ತಾನಾಗಿ ಕೆಳಗಿಳಿಯಿತು, ಮಣಿಕಟ್ಟು ನೇರವಾಯಿತು. ಅದಕ್ಕಿಂತ ಮೇಲೆ ಹೋದರೆ ಮಣಿಕಟ್ಟು ಹಿಂದಕ್ಕೆ ಬಾಗುತ್ತಿತ್ತು. ಕತ್ತರಿ ಸ್ಟ್ಯಾಂಡಿನ ಮೇಲೆ ನಾನು ಇಟ್ಟಿದ್ದು ಅದಕ್ಕಿಂತ 7 ಸೆಂಟಿಮೀಟರ್ ಜಾಸ್ತಿ.

ಬರಿಗಾಲಿನಲ್ಲಿ ನಿಂತು, ಕೈ ಮಡಚಿ, ಮಗಳ ಕೈಯಲ್ಲಿ ಟೇಪು ಹಿಡಿಸಿದೆ. ನನ್ನ ಮೊಣಕೈ ನೆಲದಿಂದ 100 ಸೆಂಟಿಮೀಟರ್. ಸಾಮಾನ್ಯವಾಗಿ ನಿಂತವರ ಮೊಣಕೈ ಅವರ ಎತ್ತರದ ನೂರಕ್ಕೆ 63ರಷ್ಟು ಮೇಲೆ ಇರುತ್ತದೆ. ನಾನು 160 ಸೆಂಟಿಮೀಟರ್ ಇದ್ದೇನೆ, ಲೆಕ್ಕ ಸರಿಹೋಯಿತು. ಕೀಗಳು ಮೊಣಕೈಗಿಂತ ಎರಡು ಮೂರು ಸೆಂಟಿಮೀಟರ್ ಕೆಳಗಿದ್ದರೆ ಕೈಗೆ ಹಿತ. ಕೀಬೋರ್ಡಿನ ದಪ್ಪ 6 ಕಳೆದರೆ ಹಲಗೆ 91ಕ್ಕೆ ಬರಬೇಕು.

ನಮ್ಮೆಜಮಾನರು 175 ಸೆಂಟಿಮೀಟರ್. ಅವರಿಗೆ ಹಲಗೆ ಹತ್ತು ಸೆಂಟಿಮೀಟರ್ ಮೇಲೆ ಬೇಕು. ಎತ್ತರ ಬದಲಾಯಿಸುವ ಹಾಗೆ ಮಾಡೋಣವೇ ಅಂತ ಯೋಚಿಸಿದೆ. ಬೇಡ ಅಂತ ತೀರ್ಮಾನಿಸಿದೆ. ಜಾರುವ ಭಾಗ ಹೆಚ್ಚಾದಷ್ಟೂ ಅಲುಗಾಟ ಹೆಚ್ಚು. ನುಡಿಸುವವಳು ನಾನು, ನನ್ನ ಅಳತೆಗೇ ಇರಲಿ. ಇದನ್ನು ಸ್ವಾರ್ಥ ಅನ್ನಬಾರದು. ಬಟ್ಟೆ ಹೊಲಿಸುವಾಗಲೂ ಹಾಗೇ ಅಲ್ವಾ?

ಆ ಕಟ್ಟೆಯ ಮುಂದೆ ನಿಂತಾಗಲೇ ಇನ್ನೊಂದು ವಿಷಯ ಹೊಳೆಯಿತು. ನನ್ನ ಕೈ ಹಾರ್ಮೋನಿಯಂನಲ್ಲಿ ಪಳಗಿದ್ದು. ಮೂರು ಸಪ್ತಕ ಇದ್ದರೆ ನನಗೆ ಬೇಕಾದ್ದೆಲ್ಲ ಸಿಗುತ್ತದೆ. ದೊಡ್ಡ ಅಳತೆಯ ಕೀಗಳಲ್ಲಿ ಒಂದು ಸಪ್ತಕಕ್ಕೆ ಸುಮಾರು 16.5 ಸೆಂಟಿಮೀಟರ್ ಬೇಕು. 49 ಕೀ ಅಂದರೆ ಬರೀ ಕೀಗಳಿಗೇ 68, 37 ಕೀ ಅಂದರೆ 52. ಗೆಳತಿಯೊಬ್ಬಳಿಗೆ 49 ಕೀಗಳದ್ದನ್ನು ಕೊಟ್ಟು ಅವಳ 37 ಕೀಗಳದ್ದನ್ನು ತಂದುಕೊಂಡೆ. ಅಗಲ 60 ಸೆಂಟಿಮೀಟರಿಗೆ ಇಳಿಯಿತು.

ಆಚಾರ್ರ ಮಾತು

ನಮ್ಮ ಬೀದಿಯಲ್ಲಿ ಕಿಟಕಿ, ಬಾಗಿಲು, ದೇವರ ಮಂಟಪ ಮಾಡುವ ಆಚಾರ್ರು ಇದ್ದಾರೆ. ಅವರ ಹತ್ತಿರ ಹೋಗಿ, ‘ಆಚಾರ್ರೇ, ಒಂದು ಹಗುರವಾದ ಮೇಜು ಬೇಕು, ಮಡಚಿ ತಗೊಂಡು ಹೋಗೋ ಹಾಗೆ’ ಅಂದೆ. ಏನೇನು ಇಡುತ್ತೀರಿ ಅಂತ ಕೇಳಿದರು. ಮಾರನೇ ದಿನ ಎಲ್ಲ ಸಾಮಾನು ತಂದು ಅವರ ಅಂಗಡಿಯ ಮುಂದೆ ಹರಡಿ, ವೈರೆಲ್ಲ ಸೇರಿಸಿ ತೋರಿಸಿದೆ. ಅವರು ಒಂದು ಮಾತೂ ಆಡದೆ ನೋಡುತ್ತಾ ನಿಂತರು. ನಾನು ಮುಗಿಸಿದ ಮೇಲೆ ಕೇಳಿದರು:

‘ಅಮ್ಮಾ, ಇದನ್ನ ದಿನಾ ಹಿಂಗೇ ಬಿಚ್ಚಿ ಹಿಂಗೇ ಹಾಕ್ತೀರಾ?’

‘ಹೌದು.’

‘ಹಂಗಾದ್ರೆ ನಿಮಗೆ ಬೇಕಾಗಿರೋದು ಮೇಜಲ್ಲ. ಪೆಟ್ಟಿಗೆ.’

ಇಡೀ ಕೆಲಸ ತಿರುಗಿದ್ದು ಆ ಮಾತಿನಿಂದ. ಅಲ್ಲಿಯವರೆಗೆ ನಾನು ಭಾರದ ಬಗ್ಗೆ ಮಾತ್ರ ಯೋಚಿಸುತ್ತಿದ್ದೆ. ಮನೆಗೆ ಬಂದು ಗಡಿಯಾರ ಇಟ್ಟು ನೋಡಿದೆ. ಸಾಮಾನು ಬಿಚ್ಚಿ, ಜೋಡಿಸಿ, ಮೊದಲ ಸ್ವರ ಕೇಳಿಸುವ ಹೊತ್ತಿಗೆ 18 ನಿಮಿಷ. ಅದರಲ್ಲಿ ಸ್ಟ್ಯಾಂಡಿಗೆ ಹೋಗಿದ್ದು ಎರಡು ನಿಮಿಷ. ಉಳಿದ 16 ನಿಮಿಷ ವೈರುಗಳದ್ದು. ಯಾವ ವೈರು ಯಾವ ತೂತಿಗೆ, ಹಬ್ ಎಲ್ಲಿಡುವುದು, ಪೆಡಲ್ ಯಾಕೆ ಕೇಳುತ್ತಿಲ್ಲ. ಮಲ್ಲೇಶ್ವರದಲ್ಲಿ ನಲವತ್ತು ಮಕ್ಕಳು ಕಾಯುತ್ತಿರುವಾಗ ಆ 16 ನಿಮಿಷ ಬಹಳ ಉದ್ದ. ಮನೆಯಲ್ಲೂ ಅಷ್ಟೇ. ಸಿಗುವುದು ಒಂದು ಗಂಟೆ ಬಿಡುವು, ಅದರಲ್ಲಿ ಜೋಡಿಸಲು ಕಾಲು ಗಂಟೆ, ಬಿಚ್ಚಲು ಹತ್ತು ನಿಮಿಷ ಅಂದರೆ ‘ಇವತ್ತು ಬೇಡ, ನಾಳೆ ಮಾಡೋಣ’ ಅನ್ನಿಸಿಬಿಡುತ್ತದೆ. ಎಷ್ಟು ಹಾಡು ಹಾಗೆ ನಾಳೆಗೆ ಹೋಗಿವೆಯೋ ಲೆಕ್ಕವಿಲ್ಲ.

ಹಾರ್ಮೋನಿಯಂ ಇದನ್ನು ಯಾವತ್ತೋ ಬಗೆಹರಿಸಿದೆ. ಯುರೋಪಿನಿಂದ ಬಂದಾಗ ಅದು ಕುರ್ಚಿಯಲ್ಲಿ ಕೂತು ಕಾಲಿನಿಂದ ತಿದಿ ಒತ್ತುವ ದೊಡ್ಡ ವಾದ್ಯ. ನೆಲದಲ್ಲಿ ಕೂತು ಒಂದು ಕೈಯಲ್ಲಿ ತಿದಿ ಒತ್ತಿ ಇನ್ನೊಂದರಲ್ಲಿ ನುಡಿಸುವ ರೂಪ ಬಂದಿದ್ದು 19ನೇ ಶತಮಾನದ ಕೊನೆಯ ಭಾಗದಲ್ಲಿ, ಕಲ್ಕತ್ತೆಯಲ್ಲಿ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯ ಕಾಲದಿಂದ ನಮ್ಮ ನಾಟಕ ಕಂಪನಿಗಳು ಊರಿಂದೂರಿಗೆ ಕ್ಯಾಂಪ್ ಹೋಗುತ್ತಲೇ ಇದ್ದವು, ಹಾರ್ಮೋನಿಯಂ ಜೊತೆಗೇ ಹೋಗುತ್ತಿತ್ತು. ಕಂಪನಿ ನಾಟಕದಲ್ಲಿ ಎರಡು ಕೈಯೂ ಬೇಕು ಅಂತ ಕಾಲು ಹಾರ್ಮೋನಿಯಂ ಉಳಿಸಿಕೊಂಡವರೂ ಇದ್ದರು. ಯಾವುದೇ ಆಗಲಿ, ಹಾರ್ಮೋನಿಯಂ ಮಾಸ್ತರು ಊರು ತಲುಪಿದ ಮೇಲೆ ಸ್ವರಗಳನ್ನು ಜೋಡಿಸುತ್ತಾ ಕೂರಬೇಕಾಗಿಲ್ಲ. ಮುಚ್ಚಳ ತೆಗೆದರೆ ವಾದ್ಯ ಸಿದ್ಧ. ಒಳಗಿನ ರೀಡು, ಸ್ಪ್ರಿಂಗು, ಗಾಳಿಯ ದಾರಿ ಎಲ್ಲ ಇದ್ದಲ್ಲೇ ಇರುತ್ತವೆ.

ಹಾಗಾಗಿ ನಮ್ಮ ಪೆಟ್ಟಿಗೆಯೂ ಹಾರ್ಮೋನಿಯಂ ಹಾಗೆಯೇ ಆಯಿತು. ಅಗಲ 70, ಆಳ 38, ಎತ್ತರ 14 ಸೆಂಟಿಮೀಟರ್. ಮುಂದಿನ 20 ಸೆಂಟಿಮೀಟರಿನಲ್ಲಿ ಕೀಬೋರ್ಡ್, ಅದಕ್ಕೆ ಎತ್ತಿ ತೆಗೆಯುವ ಮುಚ್ಚಳ. ಹಿಂದಿನ 18 ಸೆಂಟಿಮೀಟರಿಗೆ ಮೇಲ್ಗಡೆ ಗಟ್ಟಿಯಾಗಿ ಕೂರಿಸಿದ ಹಲಗೆ. ಆ ಹಲಗೆಯ ಕೆಳಗಿನ ಗೂಡಿನಲ್ಲಿ ಇಂಟರ್‌ಫೇಸ್, ಹಬ್, ವೈರುಗಳು. ಹಲಗೆಯ ಮೇಲೆ ಲ್ಯಾಪ್‌ಟಾಪ್. ಗೂಡಿನೊಳಗಿನ ಒಂದು ವೈರನ್ನೂ ಬಿಚ್ಚುವ ಹಾಗಿಲ್ಲ. ಹೊರಗೆ ಬರುವುದು ಒಂದೇ ಒಂದು ಬಾಲ. ಅದು ಲ್ಯಾಪ್‌ಟಾಪಿಗೆ.

ಪ್ಲೈವುಡ್ ವಿಷಯದಲ್ಲಿ ನಾನು ಮರೈನ್ ಪ್ಲೈ ಅಂತ ಹಟ ಹಿಡಿದೆ, ಮಳೆಗೆ ಗಟ್ಟಿ ಅಂತ. ಆಚಾರ್ರು ಎರಡು ತುಂಡು ಕೈಗೆ ಕೊಟ್ಟರು. ಒಂದೇ ಅಳತೆ, ಆದರೆ ಮರೈನ್ ತುಂಡು ಕೈಗೆ ಭಾರ ಅನ್ನಿಸಿತು. ‘ಇದು ಬಚ್ಚಲುಮನೆ ಬಾಗಿಲಿಗೆ, ಅಡುಗೆಮನೆ ಸಿಂಕಿನ ಕೆಳಗೆ. ನಿಮ್ಮ ಪೆಟ್ಟಿಗೆ ನೀರಲ್ಲಿ ನಿಲ್ಲಲ್ವಲ್ಲಾ’ ಅಂದರು. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಕಡೆಯಿಂದ ಹಗುರ ಮರದ ಪ್ಲೈ ಕಟ್ ಪೀಸುಗಳನ್ನು ತಂದೆವು. ತಳಕ್ಕೆ 12 ಮಿಲಿಮೀಟರ್, ಪಕ್ಕಗಳಿಗೆ 9, ಮುಚ್ಚಳಕ್ಕೆ 6. ತಳದ ಹಲಗೆ ಎರಡು ಕಿಲೋ ಚಿಲ್ಲರೆ ಬಂತು. 18 ಮಿಲಿಮೀಟರ್ ಹಾಕಿದ್ದರೆ ಅದೊಂದೇ ಮೂರು ಕಿಲೋ ದಾಟುತ್ತಿತ್ತು. ಅಂಟು ಹಚ್ಚಿ ಕ್ಲಾಂಪ್ ಬಿಗಿದು ಒಂದು ದಿನ ಪೂರ್ತಿ ಬಿಟ್ಟರು. ಅಂಚುಗಳಿಗೆ ಎರಡು ಕೈ ಪಾಲಿಶ್ ಜಾಸ್ತಿ ಕೊಟ್ಟರು, ಪ್ಲೈ ನೀರು ಕುಡಿಯುವುದು ಅಂಚಿನಿಂದಲೇ ಅಂತ.

ಲೋಟದ ನೀರು ಹೇಳಿದ್ದು

ಕಾಲುಗಳನ್ನು ಮಾಡಿದ್ದು ಅಲ್ಯೂಮಿನಿಯಂ ಕಿಟಕಿ ಮಾಡುವ ಅಂಗಡಿಯವರು. ಒಂದು ಇಂಚಿನ ಚೌಕದ ಟ್ಯೂಬು, ಗೋಡೆಯ ದಪ್ಪ ಒಂದೂವರೆ ಮಿಲಿಮೀಟರ್. ಒಂದು ಮೀಟರಿಗೆ 400 ಗ್ರಾಂ ಕೂಡ ಇಲ್ಲ. 90 ಸೆಂಟಿಮೀಟರ್ ಉದ್ದದ ಕಾಲನ್ನು ಹಾಗೇ ಹೊತ್ತುಕೊಂಡು ಮೆಟ್ರೋ ಹತ್ತುವುದು ಕಷ್ಟ. ಅದಕ್ಕೆ ನಡುವೆ ಎರಡು ತುಂಡು ಮಾಡಿ, ಒಳಗೆ ಸರಿಯಾಗಿ ಕೂರುವ ಇನ್ನೊಂದು ಟ್ಯೂಬನ್ನು ಕೊಡಿಸಿದೆವು.

ನನ್ನ ಚಿತ್ರದಲ್ಲಿ ಕಾಲುಗಳು ಕೆಳಕ್ಕೆ ಹೋಗುತ್ತಾ ಅಗಲವಾಗಿದ್ದವು, ಏಣಿಯ ಹಾಗೆ. ಅಂಗಡಿಯ ಹುಡುಗ ನೋಡಿದ ತಕ್ಷಣ, ‘ಅಕ್ಕಾ, ಇದು ಕೂರಲ್ಲ’ ಅಂದ. ಯಾಕೆ ಅಂದರೆ, ಎರಡು ಬೆರಳು ಚಾಚಿ ಇನ್ನೊಂದು ಕೈಯ ಮುಷ್ಟಿಗೆ ತೂರಿಸಿ ತೋರಿಸಿದ. ಓರೆಯಾಗಿ ದೂರ ಸರಿಯುವ ಎರಡು ಕೊಳವೆಗಳು ಒಂದೇ ಸಲಕ್ಕೆ ಒಳಗೆ ಇಳಿಯುವುದಿಲ್ಲ. ನೇರ ಇದ್ದರೆ ಮಾತ್ರ ಇಳಿಯುತ್ತವೆ. ಹಾಗಾಗಿ ಕಾಲುಗಳನ್ನು ನೇರವೇ ಇಟ್ಟು, ನೆಲಕ್ಕೆ ತಾಗುವ ಕಡೆ 55 ಸೆಂಟಿಮೀಟರಿನ ಅಡ್ಡಪಟ್ಟಿ ಕೊಟ್ಟೆವು, ಬಟ್ಟೆ ನೇತುಹಾಕುವ ಸ್ಟ್ಯಾಂಡಿಗೆ ಇರುತ್ತದಲ್ಲ, ಹಾಗೆ. ಕಾಲುಗಳ ನಡುವಿನ ಅಂತರ 34 ಇದ್ದರೂ ನೆಲದ ಮೇಲಿನ ಹಿಡಿತ 55 ಆಯಿತು. ಕೂಡಿಕೆ ಒಂದಕ್ಕೆ ಒಂದೇ ಬೋಲ್ಟ್ ಸಾಕು ಅಂತ ಅವನೆಂದ. ಇಲ್ಲಿ ನಾನು ಒಪ್ಪಲಿಲ್ಲ. ಒಂದು ಬೋಲ್ಟ್ ಇದ್ದರೆ ಅದೇ ತಿರುಗಣೆಯಾಗುತ್ತದೆ. ಎರಡು ಇದ್ದರೆ ತಿರುಗಲು ದಾರಿಯಿಲ್ಲ. ಹನ್ನೆರಡು ಸೆಂಟಿಮೀಟರ್ ಒಳಗೆ ಹೋಗುವ ಟ್ಯೂಬು, ಕೂಡಿಕೆಗೆ ಎರಡು ಬೋಲ್ಟ್, ಕೈಯಲ್ಲೇ ತಿರುಗಿಸುವ ವಿಂಗ್ ನಟ್.

ಜೋಡಿಸಿ, ಪೆಟ್ಟಿಗೆ ಕೂರಿಸಿ, ಮೇಲೆ ಅಂಚಿನವರೆಗೆ ನೀರು ತುಂಬಿದ ಸ್ಟೀಲ್ ಲೋಟ ಇಟ್ಟು ನುಡಿಸಿದೆ. ನಿಧಾನದ ಹಾಡಿಗೆ ನೀರು ಸ್ವಲ್ಪ ನಡುಗಿತು, ಅಷ್ಟೇ. ಮಂಗಗಳ ಹಾಡು ಹಿಡಿದೆ. ನಾಲ್ಕನೇ ಸಾಲಿಗೆ ನೀರು ಎಡಕ್ಕೂ ಬಲಕ್ಕೂ ತುಳುಕಿ ಚೆಲ್ಲಿತು. ಅದೇ ಕೈ, ಅದೇ ಒತ್ತು. ಲಯ ಮಾತ್ರ ಬೇರೆ. ಯಾಕೆ?

ಫೋನಿನ ಅಲುಗಾಟ ಅಳೆಯುವ ಫೈಫಾಕ್ಸ್ ಎಂಬ ಆ್ಯಪ್ ಇದೆ. ಅದನ್ನು ಹಾಕಿಕೊಂಡು ಫೋನನ್ನು ಪೆಟ್ಟಿಗೆಯ ಮೇಲಿಟ್ಟು ಪಕ್ಕದಿಂದ ಒಮ್ಮೆ ತಟ್ಟಿದೆ. ಮೇಜು ಸೆಕೆಂಡಿಗೆ ಸುಮಾರು ನಾಲ್ಕು ಸಲ ತೂಗುತ್ತಿತ್ತು. ಮಂಗಗಳ ಹಾಡಿನ ವೇಗ ನಿಮಿಷಕ್ಕೆ 120 ಪೆಟ್ಟು, ಒಂದೊಂದು ಪೆಟ್ಟಿಗೂ ಎರಡೆರಡು ಸ್ವರ. ಅಂದರೆ ಸೆಕೆಂಡಿಗೆ ನಾಲ್ಕು ಸ್ವರ. ಉಯ್ಯಾಲೆಯನ್ನು ಅದರ ತೂಗಿಗೆ ಸರಿಯಾಗಿ ತಳ್ಳಿದರೆ ಸಣ್ಣ ತಳ್ಳಿಗೂ ಮೇಲೆ ಮೇಲೆ ಹೋಗುತ್ತದಲ್ಲ, ಇಲ್ಲಿ ಆಗುತ್ತಿದ್ದುದೂ ಅದೇ. ನನ್ನ ಬೆರಳುಗಳು ಮೇಜನ್ನು ಅದರ ಲಯಕ್ಕೇ ತೂಗುತ್ತಿದ್ದವು.

ಇದಕ್ಕೆ ದಪ್ಪ ಟ್ಯೂಬು ಹಾಕಿ ಭಾರ ಹೆಚ್ಚಿಸುವುದು ಒಂದು ದಾರಿ. ಆದರೆ ಅಲುಗುತ್ತಿದ್ದುದು ಎಡಬಲಕ್ಕೆ ಮಾತ್ರ, ಯಾಕೆಂದರೆ ಎರಡು ಪಕ್ಕದ ಕಾಲುಗಳನ್ನು ಹಿಡಿದಿದ್ದುದು ಮೇಲಿನ ಪೆಟ್ಟಿಗೆ ಒಂದೇ. ನಾಲ್ಕು ಮೂಲೆಯ ಚೌಕಟ್ಟು ಒತ್ತಿದರೆ ಓರೆಯಾಗುತ್ತದೆ. ಮೂರು ಮೂಲೆಯದ್ದು ಆಗುವುದಿಲ್ಲ. ಕಲಾಸಿಪಾಳ್ಯದ ಹಾರ್ಡ್‌ವೇರ್ ಅಂಗಡಿಯಿಂದ ಎರಡು ಮಿಲಿಮೀಟರ್ ದಪ್ಪದ ಉಕ್ಕಿನ ತಂತಿಹಗ್ಗ, ನಾಲ್ಕು ಕೊಕ್ಕೆ, ಎರಡು ಟರ್ನ್‌ಬಕಲ್ ತಂದೆ. ಹಿಂಭಾಗದಲ್ಲಿ ಮೂಲೆಯಿಂದ ಮೂಲೆಗೆ ಅಡ್ಡಡ್ಡ ಎರಡು ತಂತಿ ಎಳೆದು, ಟರ್ನ್‌ಬಕಲ್ ತಿರುಗಿಸಿ ಬಿಗಿ ಮಾಡಿದೆ. ಮೊದಲು ಬಟ್ಟೆ ಒಣಹಾಕುವ ನೈಲಾನ್ ಹಗ್ಗ ಕಟ್ಟಿ ನೋಡಿದ್ದೆ, ಅದು ಎಳೆದುಕೊಳ್ಳುತ್ತದೆ, ಪ್ರಯೋಜನವಿಲ್ಲ. ತಂತಿ ಬಿಗಿದ ಮೇಲೆ ತೂಗು ಸೆಕೆಂಡಿಗೆ ಹನ್ನೊಂದಕ್ಕೆ ಏರಿತು. ಅಷ್ಟು ವೇಗಕ್ಕೆ ನನ್ನ ಯಾವ ಹಾಡೂ ಹೋಗುವುದಿಲ್ಲ. ಅದೇ ಲೋಟ, ಅದೇ ಮಂಗಗಳ ಹಾಡು. ನೀರಿನ ಮೇಲೆ ಸಣ್ಣ ಉಂಗುರ ಎದ್ದು ಅಲ್ಲೇ ಅಡಗಿತು. ಸೇರಿದ ಭಾರ ಇನ್ನೂರು ಗ್ರಾಂ ಆಸುಪಾಸು.

ಒಂದು ಕಾಲಿನ ತುದಿಗೆ ತಿರುಪು ಇರುವ ಪಾದ ಹಾಕಿಸಿದ್ದೇನೆ. ನಮ್ಮ ಮನೆಯದ್ದು ಹಳೆಯ ರೆಡ್ ಆಕ್ಸೈಡ್ ನೆಲ, ಸಮವಿಲ್ಲ. ನಾಲ್ಕು ಕಾಲಿನದ್ದು ಯಾವುದೇ ಆದರೂ ಹಾಗಿನ ನೆಲದಲ್ಲಿ ಮೂರರ ಮೇಲೆ ನಿಂತು ನಾಲ್ಕನೆಯದನ್ನು ಎತ್ತುತ್ತದೆ. ಉಳಿದ ಮೂರಕ್ಕೆ ಕುರ್ಚಿ ಕಾಲಿನ ರಬ್ಬರ್ ಬುಷ್.

ಎರಡು ಸದ್ದುಗಳು

ಪೆಟ್ಟಿಗೆ ನಿಂತಿತು. ಆಮೇಲೆ ಕಿವಿಗೆ ಎರಡು ತೊಂದರೆ ಬಿದ್ದವು.

ಮೊದಲನೆಯದು ದಡ್ ದಡ್ ಎಂಬ ಸದ್ದು. ಜಾಗ ಉಳಿಯಲಿ ಅಂತ ಮೈಕನ್ನು ಪೆಟ್ಟಿಗೆಯ ಅಂಚಿಗೇ ಕ್ಲಾಂಪ್ ಹಾಕಿ ನಿಲ್ಲಿಸಿದ್ದೆ. ಪ್ರತಿ ಕೀ ಒತ್ತಿದಾಗಲೂ ಬೆರಳಿನ ಪೆಟ್ಟು ಪ್ಲೈ ಮೂಲಕ ಮೈಕಿಗೆ ಹೋಗುತ್ತಿತ್ತು. ಕಂಡೆನ್ಸರ್ ಮೈಕ್ ಬಹಳ ಸೂಕ್ಷ್ಮ. ಕೀಬೋರ್ಡಿನ ಕೆಳಗೆ ಫೋಮ್ ಹಾಸಿದೆ, ಅರ್ಧ ಕಡಿಮೆಯಾಯಿತು. ಪೂರ್ತಿ ಹೋಗಿದ್ದು ಮೈಕನ್ನು ಅದರದೇ ಸ್ಟ್ಯಾಂಡಿನಲ್ಲಿ ನೆಲದ ಮೇಲೆ ನಿಲ್ಲಿಸಿದಾಗ. ನುಡಿಸುವ ಮೇಜಿಗೆ ಮೈಕನ್ನು ಕಟ್ಟಬೇಡಿ. ಇದನ್ನು ನಾನು ಖಂಡಿತವಾಗಿ ಹೇಳಬಲ್ಲೆ.

ಎರಡನೆಯದು ಗುಂಯ್ ಎಂಬ ಸದ್ದು. ಲ್ಯಾಪ್‌ಟಾಪಿಗೆ ಚಾರ್ಜರ್ ಹಾಕಿ ಸ್ಪೀಕರಿಗೆ ಸೇರಿಸಿದರೆ ಬರುತ್ತದೆ, ಚಾರ್ಜರ್ ತೆಗೆದರೆ ಹೋಗುತ್ತದೆ. ಇದು ನಮ್ಮ 50 ಹರ್ಟ್ಸ್ ಕರೆಂಟಿನದು. ಲ್ಯಾಪ್‌ಟಾಪ್ ಒಂದು ಗೋಡೆಯ ಸಾಕೆಟ್ಟಿನಿಂದ, ಸ್ಪೀಕರ್ ಇನ್ನೊಂದು ಗೋಡೆಯಿಂದ ಕರೆಂಟ್ ತೆಗೆದುಕೊಂಡರೆ ಎರಡರ ಅರ್ಥ್ ವೈರು ಮತ್ತು ಆಡಿಯೋ ವೈರು ಸೇರಿ ದೊಡ್ಡ ಸುತ್ತು ಆಗುತ್ತದೆ. ಆ ಸುತ್ತಿನೊಳಗೆ ಗುಂಯ್‌ಗುಟ್ಟುವಿಕೆ ಸೇರಿಕೊಳ್ಳುತ್ತದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದೆ, ಸದ್ದು ನಿಂತಿತು. ಮೂರು ಪಿನ್ನಿನ ಅರ್ಥ್ ಕಿತ್ತು ಹಾಕಿ ಅಂತ ಸಲಹೆ ಕೊಡುವವರು ಸಿಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಅದು ಪ್ರಾಣಕ್ಕೆ ಇರುವ ಕಾವಲು. ಹಾಡು ರೆಕಾರ್ಡ್ ಮಾಡುವಾಗ ನಾನು ಬ್ಯಾಟರಿಯಲ್ಲೇ ಮಾಡುತ್ತೇನೆ.

ಕಾಲಿನ ಪೆಡಲನ್ನು ಈಗ ಸ್ವರ ಉದ್ದ ಮಾಡಲು ಬಳಸುವುದಿಲ್ಲ. ಪೆಡಲ್ ಒತ್ತಿದಾಗ ಕೀಬೋರ್ಡಿನಿಂದ ಲ್ಯಾಪ್‌ಟಾಪಿಗೆ ಒಂದು ಸಂದೇಶ ಹೋಗುತ್ತದೆ, ಅದಕ್ಕೆ ಮಿಡಿ ಸಂದೇಶ ಅನ್ನುತ್ತಾರೆ, ಅದರ ಸಂಖ್ಯೆ 64. ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಅದನ್ನು ರೆಕಾರ್ಡ್ ಶುರು ಮಾಡುವ ಗುಂಡಿಗೆ ಜೋಡಿಸಿದ್ದೇನೆ. ನಿಂತವರು ಪೆಡಲನ್ನು ಒತ್ತಿ ಹಿಡಿದರೆ ಮೈಭಾರವೆಲ್ಲ ಇನ್ನೊಂದು ಕಾಲಿಗೆ ಬೀಳುತ್ತದೆ, ಸೊಂಟಕ್ಕೆ ಮತ್ತೆ ಅದೇ ಕಥೆ. ಒಮ್ಮೆ ತಟ್ಟಿ ಬಿಟ್ಟರೆ ಆ ತೊಂದರೆ ಇಲ್ಲ. ಕೈ ಕೀಬೋರ್ಡಿನ ಮೇಲೇ ಇರುತ್ತದೆ. ಕೀ ಒತ್ತಿದ್ದಕ್ಕೂ ಸ್ವರ ಕೇಳಿಸುವುದಕ್ಕೂ ನಡುವಿನ ತಡ ಕಡಿಮೆ ಇರಲಿ ಅಂತ ಬಫರ್, ಅಂದರೆ ಲ್ಯಾಪ್‌ಟಾಪ್ ಒಂದು ಸಲಕ್ಕೆ ಕೂಡಿಸಿ ಕಳಿಸುವ ಧ್ವನಿಯ ತುಣುಕುಗಳ (ಸ್ಯಾಂಪಲ್) ಸಂಖ್ಯೆಯನ್ನು, 128ಕ್ಕೆ ಇಟ್ಟಿದ್ದೇನೆ. ಸೆಕೆಂಡಿಗೆ 48,000 ಸ್ಯಾಂಪಲ್ ವೇಗದಲ್ಲಿ ಆ ಬಫರಿನಿಂದ ಆಗುವ ತಡ ಮೂರು ಮಿಲಿಸೆಕೆಂಡಿಗೂ ಕಡಿಮೆ.

ಹೊತ್ತುಕೊಂಡು ಹೋಗುವಾಗ

ಪೆಟ್ಟಿಗೆ, ಒಳಗಿನ ಸಾಮಾನು ಸೇರಿ ಏಳು ಕಿಲೋ. ಕಾಲುಗಳು, ತಂತಿ, ಬೋಲ್ಟು ಸೇರಿ ಮೂರು ಕಿಲೋ ಹತ್ತಿರ. ಲ್ಯಾಪ್‌ಟಾಪ್ ಬೇರೆ ಬ್ಯಾಗಿನಲ್ಲಿ. ಒಟ್ಟು ನೋಡಿದರೆ ಕತ್ತರಿ ಸ್ಟ್ಯಾಂಡಿನ ಕಾಲಕ್ಕಿಂತ ಭಾರ ಸ್ವಲ್ಪ ಜಾಸ್ತಿಯೇ ಆಗಿದೆ. ಆದರೂ ಹೊರಗೆ ಹೋಗುವುದು ಸುಲಭವಾಗಿದೆ. ನ್ಯಾಷನಲ್ ಕಾಲೇಜು ನಿಲ್ದಾಣದವರೆಗೆ ಆಟೋ, ಅಲ್ಲಿಂದ ಸಂಪಿಗೆ ರಸ್ತೆಗೆ ಹಸಿರು ಮಾರ್ಗದ ಮೆಟ್ರೋ, ಮತ್ತೆ ಆಟೋ. ಸ್ಕ್ಯಾನರಿನಲ್ಲಿ ಪೆಟ್ಟಿಗೆ ಉದ್ದಕ್ಕೆ ಮಲಗಿಸಿದರೆ ಸಲೀಸಾಗಿ ಹೋಗುತ್ತದೆ. ಮೊದಲ ಸಲ ತೆಗೆದು ತೋರಿಸಿ ಅಂದರು. ಮುಚ್ಚಳ ಎತ್ತಿದೆ. ‘ಓ, ಹಾರ್ಮೋನಿಯಂ’ ಅಂದು ಬಿಟ್ಟರು.

ಮಳೆಗೆ ಹಳೇ ರೇನ್‌ಕೋಟಿನ ಬಟ್ಟೆಯಲ್ಲಿ ಗವಸು ಹೊಲಿಸಿದ್ದೇನೆ. ಒಟ್ಟು ಖರ್ಚು 6,750 ರೂಪಾಯಿ ಬಂತು. ಅದರಲ್ಲಿ ದೊಡ್ಡ ಪಾಲು ಆಚಾರ್ರ ಎರಡು ದಿನದ ಕೂಲಿ, ಅದಕ್ಕೆ ಒಂದು ರೂಪಾಯಿಯೂ ಚೌಕಾಸಿ ಮಾಡಲಿಲ್ಲ.

ದಿನವಿಡೀ ನಿಲ್ಲುವುದಿಲ್ಲ. ಹಾಗೆ ನಿಂತರೆ ಸೊಂಟದ ನೋವು ಹಿಮ್ಮಡಿಗೆ ಇಳಿಯುತ್ತದೆ. ಯೋಗದ ಮ್ಯಾಟನ್ನು ಎರಡು ಮಡಿಕೆ ಹಾಕಿ ಅದರ ಮೇಲೆ ನಲವತ್ತು ನಿಮಿಷ ನಿಂತು ನುಡಿಸುತ್ತೇನೆ, ಹಾಡುತ್ತೇನೆ. ಆಮೇಲೆ ಪೆಟ್ಟಿಗೆಯನ್ನು ಕಾಲುಗಳಿಂದ ಎತ್ತಿ ನೆಲಕ್ಕಿಟ್ಟು, ಚಾಪೆಯ ಮೇಲೆ ಕೂತು ಜೋಡಿಸುವ, ಕತ್ತರಿಸುವ ಕೆಲಸ ಮಾಡುತ್ತೇನೆ. ಎರಡು ಕೊಂಡಿ ಬಿಚ್ಚಿದರೆ ಸಾಕು, ವೈರು ಮುಟ್ಟಬೇಕಾಗಿಲ್ಲ. ಇದು ಮೊದಲು ಯೋಚಿಸಿ ಮಾಡಿದ್ದಲ್ಲ. ಪೆಟ್ಟಿಗೆ ಆದ್ದರಿಂದ ತಾನಾಗಿ ಸಿಕ್ಕ ಲಾಭ. ಕಾಲು ಜೋಮು ಹಿಡಿಯುವುದು ನಿಂತು ನಾಲ್ಕು ತಿಂಗಳಾಯಿತು.

ಸರಿಯಾಗದೆ ಉಳಿದಿರುವುದೂ ಇದೆ. ಲ್ಯಾಪ್‌ಟಾಪ್ ಪರದೆ ನನ್ನ ಕಣ್ಣಿಗಿಂತ ಒಂದು ಗೇಣು ಕೆಳಗಿದೆ. ನುಡಿಸುವಾಗ ಪರದೆ ನೋಡುವುದು ಕಡಿಮೆ, ಆದರೆ ಸಾಹಿತ್ಯ ಓದಿಕೊಂಡು ಹಾಡುವಾಗ ಕುತ್ತಿಗೆ ಬಾಗುತ್ತದೆ. ಮನೆಯಲ್ಲಿ ತಾತನ ಕಾಲದ ವ್ಯಾಸಪೀಠ ಇದೆ, ಒಂದೇ ಹಲಗೆಯಲ್ಲಿ ಕೊರೆದು ಕತ್ತರಿಯಂತೆ ತೆರೆಯುವಂಥದ್ದು. ಅದನ್ನು ಪೆಟ್ಟಿಗೆಯ ಮೇಲಿಟ್ಟು ಅದರ ಮೇಲೆ ಹಾಡಿನ ಹಾಳೆ ಇಟ್ಟುಕೊಳ್ಳುತ್ತೇನೆ. ಚೆನ್ನಾಗಿ ಕೂರುತ್ತದೆ, ಆದರೆ ಹೊರಗೆ ಒಯ್ಯಲು ಮನಸ್ಸಿಲ್ಲ. ಗೂಡಿನೊಳಗೆ ಇಂಟರ್‌ಫೇಸ್ ಬಿಸಿಯಾಗುತ್ತಿತ್ತು, ಹಿಂಬದಿಗೆ ಹನ್ನೆರಡು ತೂತು ಕೊರೆಸಿದ ಮೇಲೆ ಕಡಿಮೆಯಾಗಿದೆ. ಮುಚ್ಚಳದ ಎಡಗಡೆಯ ಕೊಂಡಿ ಸಡಿಲವಾಗಿದೆ.

ಹೋದ ಶನಿವಾರ ಮಲ್ಲೇಶ್ವರದಲ್ಲಿ ಮತ್ತೆ ಗಡಿಯಾರ ಇಟ್ಟು ನೋಡಿದೆ. ಕಾಲು ಜೋಡಿಸಿ, ತಂತಿ ಬಿಗಿದು, ಪೆಟ್ಟಿಗೆ ಕೂರಿಸಿ, ಒಂದು ವೈರು ಚುಚ್ಚಿ, ಮೊದಲ ಷಡ್ಜ ಕೇಳಿಸುವ ಹೊತ್ತಿಗೆ ನಾಲ್ಕು ನಿಮಿಷ ಹತ್ತು ಸೆಕೆಂಡ್. ಅಂದು ಹೆದರಿದ್ದ ಮಗು ಈಗ ಮಂಗಗಳ ತಂಡದಲ್ಲಿದೆ. ಟರ್ನ್‌ಬಕಲ್ ತಿರುಗಿಸುವ ಕೆಲಸ ತನ್ನದು ಅಂತ ಹೇಳಿಕೊಂಡಿದೆ. ಬಿಗಿದ ಮೇಲೆ ತಂತಿಯನ್ನು ಬೆರಳಿನಿಂದ ಮೀಟಿ, ಕಿವಿ ಹತ್ತಿರ ಹಿಡಿದು, ‘ಅಕ್ಕಾ, ಸರಿ ಇದೆ, ಶುರು ಮಾಡಿ’ ಅನ್ನುತ್ತದೆ.